ಫಿಲ್ಮ್‌ನಲ್ಲಿ ನಿಶ್ಚಿತಾರ್ಥದ ಚಿತ್ರಗಳು: ಛಾಯಾಗ್ರಾಹಕಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಮದುವೆ ನಿಶ್ಚಯವಾದ ಜೋಡಿಗಳಿಗೆ ಭಂಗಿ ಕೊಡಿಸದೆ, ನಡೆದದ್ದನ್ನು ನಡೆದಂತೆಯೇ ಫಿಲ್ಮ್‌ನಲ್ಲಿ ತೆಗೆಯುವ ಛಾಯಾಗ್ರಾಹಕಿಯೊಬ್ಬರು ಇಂದು ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಬೇಕೆಂದು ವಿನಂತಿ.

ಮೊದಲ ರೀಲು: ನಮಸ್ಕಾರ ಮೇಡಂ. ಯಾವ ಫಿಲ್ಮ್ ಕೊಳ್ಳುವುದು ಒಳ್ಳೆಯದು?

ಛಾಯಾಗ್ರಾಹಕಿ: ನಮಸ್ಕಾರ. ಬಣ್ಣಕ್ಕೆ ಕೊಡಾಕ್ ಪೋರ್ಟ್ರಾ 400. ಕಪ್ಪು-ಬಿಳುಪಿಗೆ ಇಲ್ಫರ್ಡ್ ಎಚ್‌ಪಿ5 ಅಥವಾ ಕೊಡಾಕ್ ಟ್ರೈ-ಎಕ್ಸ್ 400. ಮೂರೂ 400ರ ವೇಗದವಾದ್ದರಿಂದ (ವೇಗವೆಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ), ಬಿಸಿಲಿನಿಂದ ಮನೆಯೊಳಕ್ಕೆ ನಡೆದು ಹೋಗುವ ಜೋಡಿಯನ್ನು ತಡೆಯದೆ ಹಿಂಬಾಲಿಸಬಹುದು. ಬಣ್ಣದ ನೆಗೆಟಿವ್ ಹೆಚ್ಚು ಬೆಳಕನ್ನು ಸಹಿಸಿಕೊಳ್ಳುತ್ತದೆ, ಕಡಿಮೆ ಬೆಳಕನ್ನು ಸಹಿಸುವುದಿಲ್ಲ. ಸಂದೇಹ ಬಂದಾಗ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು, ಕೊಡಿ.

ಅಕ್ಕನ ತಮ್ಮ: ಮೇಡಂ, ಮುಂದಿನ ವಾರ ನನ್ನ ಅಕ್ಕ ಮತ್ತು ಭಾವನಾಗುವವರ ಚಿತ್ರಗಳನ್ನು ನಾನೇ ತೆಗೆಯಬೇಕಾಗಿದೆ. ಹಳೆಯದೊಂದು 35 ಎಂಎಂ ಎಸ್‌ಎಲ್‌ಆರ್ ಕ್ಯಾಮೆರಾ ಕೊಂಡು, ಪರೀಕ್ಷೆಗೆಂದು ಒಂದು ರೀಲು ತೆಗೆದು ತೊಳೆಸಿದೆ. ಮನೆಯೊಳಗಿನ ಚಿತ್ರಗಳೆಲ್ಲ ಚೆನ್ನಾಗಿವೆ. ಬಿಸಿಲಿನವುಗಳಲ್ಲಿ ಮಾತ್ರ ಚೌಕಟ್ಟಿನ ಒಂದು ಪಕ್ಕ ಕ್ರಮೇಣ ಕಪ್ಪಾಗುತ್ತಾ ಹೋಗಿದೆ. ಫ್ಲಾಶ್ ಬಳಸಿಲ್ಲ. ಶಟರ್‌ಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂಬ ಸಂದೇಶವೊಂದು ಇನ್ನೊಂದು ಗುಂಪಿನಿಂದ ಬಂದಿದೆ. ಬಿಡಬಹುದೇ?

ಹಳೆಯ ಲೆನ್ಸ್: ಇದು ಖಂಡಿತವಾಗಿ ಲ್ಯಾಬಿನವರ ತಪ್ಪು. ರಾಸಾಯನಿಕವನ್ನು ಸರಿಯಾಗಿ ಕಲಕಿಲ್ಲ.

ಛಾಯಾಗ್ರಾಹಕಿ: ಎಣ್ಣೆಯನ್ನು ದಯವಿಟ್ಟು ಬಿಡಬೇಡಿ. ಅದು ಶಟರ್ ಪರದೆಗಳಿಗೆ ಹರಡಿ ಅವುಗಳನ್ನು ಅಂಟಿಸುತ್ತದೆ. ಈಗ ದುರಸ್ತಿಯಾಗಬಹುದಾದ ಕ್ಯಾಮೆರಾ ಆಗ ಮೂಲೆ ಸೇರುತ್ತದೆ. ಇಂತಹ ಸಂದೇಶಗಳನ್ನು ಬರೆಯುವವರು ಒಂದು ಶಟರನ್ನಾದರೂ ಬಿಚ್ಚಿ ನೋಡಿದ್ದಾರೆಯೇ ಎಂಬ ಅನುಮಾನ ನನಗಿದೆ.

ಲ್ಯಾಬಿನವರನ್ನೂ ದೂರಬೇಡಿ. ತೊಳೆಯುವಾಗ ಆದ ದೋಷ ಚೌಕಟ್ಟಿನ ಗಡಿಯೊಳಗೇ ನಿಲ್ಲುವುದಿಲ್ಲ. ಚಿತ್ರಗಳ ನಡುವಿನ ಖಾಲಿ ಜಾಗಕ್ಕೂ ಅಂಚಿನ ರಂಧ್ರಗಳವರೆಗೂ ಹರಡುತ್ತದೆ. ಒಳಾಂಗಣದ ಚಿತ್ರಗಳನ್ನು ಬಿಟ್ಟು ಬಿಸಿಲಿನವನ್ನೇ ಹುಡುಕಿಕೊಂಡು ಹೋಗುವುದೂ ಇಲ್ಲ. ನಿಮ್ಮ ಕ್ಯಾಮೆರಾದ ಶಟರಿನಲ್ಲಿ ಎರಡು ಪರದೆಗಳಿವೆ: ಮೊದಲನೆಯದು ತೆರೆಯುತ್ತಾ ಓಡುತ್ತದೆ, ಎರಡನೆಯದು ಮುಚ್ಚುತ್ತಾ ಅದರ ಬೆನ್ನು ಹತ್ತುತ್ತದೆ. 1/1000 ಸೆಕೆಂಡಿನಲ್ಲಿ ಅವೆರಡರ ನಡುವೆ ತೆಳುವಾದ ಸೀಳು ಮಾತ್ರ ಇರುತ್ತದೆ. ಹಳೆಯ ಗ್ರೀಸ್ ಗಟ್ಟಿಯಾಗಿ ಮೊದಲ ಪರದೆ ನಿಧಾನವಾದರೆ, ಹಿಂದಿನದು ಅದನ್ನು ಸಮೀಪಿಸುತ್ತಾ ಬಂದು, ಸೀಳು ಕಿರಿದಾಗಿ, ಕೊನೆಯ ಪಕ್ಕಕ್ಕೆ ಬೆಳಕು ಸಾಲದೆ ಹೋಗುತ್ತದೆ. ಮನೆಯೊಳಗೆ ನೀವು 1/60ರ ಆಸುಪಾಸಿನಲ್ಲಿ ತೆಗೆದಿರಬೇಕು. ಅಲ್ಲಿ ಶಟರ್ ಪೂರ್ತಿ ತೆರೆದುಕೊಳ್ಳುವುದರಿಂದ ಈ ದೋಷ ಅಡಗಿಕೊಂಡಿರುತ್ತದೆ.

ಹೀಗೆ ಪರೀಕ್ಷಿಸಿ. ಫಿಲ್ಮ್ ಇಲ್ಲದಾಗ ಲೆನ್ಸ್ ತೆಗೆದು, ಹಿಂಬದಿಯ ಮುಚ್ಚಳ ತೆರೆದು, ಬೆಳಕು ಬಿದ್ದ ಬಿಳಿ ಗೋಡೆಯ ಕಡೆ ಕ್ಯಾಮೆರಾ ಹಿಡಿದು, ಹಿಂದಿನಿಂದ ನೋಡುತ್ತಾ 1/1000ರಲ್ಲಿ ಹಲವು ಬಾರಿ ಒತ್ತಿ. ನಂತರ 1/125ರಲ್ಲಿ ಒತ್ತಿ. ಪರದೆಗಳಿಗೆ ಬೆರಳು ತಾಗಿಸಬೇಡಿ. ಎರಡೂ ಪಕ್ಕ ಸಮನಾಗಿ ಬೆಳಗಬೇಕು.

ದುರಸ್ತಿಗೆ ವಾರ ಸಾಲದಿದ್ದರೆ 1/125ಕ್ಕಿಂತ ಹೆಚ್ಚಿನ ವೇಗಕ್ಕೆ ಹೋಗಬೇಡಿ. ನೇರ ಬಿಸಿಲಿನಲ್ಲಿ 400ರ ಫಿಲ್ಮ್, ಲೆನ್ಸಿನ ರಂಧ್ರ ಕಿರಿದಾಗಿರುವ ಎಫ್/16ರಲ್ಲಿ, ಸುಮಾರು 1/400 ಕೇಳುತ್ತದೆ. 1/125 ಕೊಟ್ಟರೆ ಒಂದೂವರೆ ಸ್ಟಾಪಿಗಿಂತ ತುಸು ಹೆಚ್ಚು ಬೆಳಕು ಬೀಳುತ್ತದೆ, ಪೋರ್ಟ್ರಾ ಅದನ್ನು ತಾಳಿಕೊಳ್ಳುತ್ತದೆ. ಹಿನ್ನೆಲೆ ಮಸುಕಾಗಬೇಕೆಂದರೆ ಆ ರಂಧ್ರವನ್ನು ಹಿಗ್ಗಿಸಬೇಕು; ಅದಕ್ಕೆ ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನು ತಗ್ಗಿಸುವ ಬೂದು ಗಾಜು) ಹಾಕಿ, ಇಲ್ಲವೇ ಅವರನ್ನು ನೆರಳಿರುವ ದಾರಿಯಲ್ಲಿ ನಡೆಯಲು ಕರೆಯಿರಿ. ಇನ್ನೊಂದು ಕ್ಯಾಮೆರಾ, ಡಿಜಿಟಲ್ ಆದರೂ ಸರಿ, ಹೆಗಲ ಮೇಲಿರಲಿ. ನಮ್ಮ ಬಗೆಯ ಕೆಲಸದಲ್ಲಿ ತಪ್ಪಿಹೋದ ನಗುವನ್ನು ಇನ್ನೊಮ್ಮೆ ನಗಿಸುವಂತಿಲ್ಲ. ತಪ್ಪಿದೆ ಎಂಬುದೂ ರೀಲು ತೊಳೆಸುವವರೆಗೆ ತಿಳಿಯುವುದಿಲ್ಲ. ಪರೀಕ್ಷೆಯ ಫಲವನ್ನು ಇಲ್ಲಿಯೇ ತಿಳಿಸಿ.

ಪ್ರಯಾಣಿಕೆ: ವಿಮಾನದಲ್ಲಿ ಹೋಗಿ ಚಿತ್ರ ತೆಗೆಯಬೇಕಾಗಿದೆ. ರೀಲುಗಳಿಗೆ ಅಲ್ಯುಮಿನಿಯಂ ಹಾಳೆ ಸುತ್ತಿದರೆ ಎಕ್ಸ್‌ರೇ ತಟ್ಟುವುದಿಲ್ಲವೆಂಬ ಸಂದೇಶ ನೋಡಿದೆ.

ಛಾಯಾಗ್ರಾಹಕಿ: ತಟ್ಟುತ್ತದೆ. ಆ ಹಾಳೆ ಎಕ್ಸ್‌ರೇಯನ್ನು ತಡೆಯುವುದಿಲ್ಲ. ಫಿಲ್ಮನ್ನು ದೊಡ್ಡ ಸಾಮಾನಿನಲ್ಲಿ ಎಂದೂ ಹಾಕಬೇಡಿ. ಕೈಚೀಲದಲ್ಲಿಟ್ಟು, ಕೈಯಿಂದ ಪರಿಶೀಲಿಸುವಂತೆ ಕೇಳಿಕೊಳ್ಳಿ. ಕೈಚೀಲಗಳಿಗೆ ಬಂದಿರುವ ಹೊಸ ಸಿಟಿ ಸ್ಕ್ಯಾನರ್‌ಗಳು ಒಂದೇ ಬಾರಿಗೆ ಫಿಲ್ಮನ್ನು ಮಬ್ಬಾಗಿಸಬಲ್ಲವು.

ನೇರಮಾತು: ಮೇಡಂ, ನೆರಳಿಗೆ ಕರೆದೊಯ್ಯಿರಿ ಎಂದು ಈಗಷ್ಟೇ ಹೇಳಿದಿರಿ. ಹೀಗೆ ಕರೆದೊಯ್ದ ಮೇಲೆ ಅದು ಸಾಕ್ಷ್ಯಚಿತ್ರದ ಶೈಲಿ ಹೇಗಾಗುತ್ತದೆ?

ಹಳೆಯ ಲೆನ್ಸ್: ದಿನ ಗೊತ್ತುಮಾಡಿ ಜೋಡಿಯನ್ನು ಕರೆಸಿದಾಗಲೇ ಅರ್ಧ ಏರ್ಪಾಡು ಆಗಿಹೋಗಿರುತ್ತದೆ. ನೆರಳಿಗೊಂದು ಬೇರೆ ಪಾಪವೇ?

ನೇರಮಾತು: ನೋಡದೆಯೇ ಲ್ಯಾಬಿನ ಮೇಲೆ ತಪ್ಪು ಹೊರಿಸಿದವರಿಂದ ನಾನು ವ್ಯಾಖ್ಯಾನ ಕೇಳಲಿಲ್ಲ. ಇಷ್ಟಕ್ಕೂ ಗ್ರೇನ್, ಅಂದರೆ ಫಿಲ್ಮ್‌ನ ಆ ಕಾಳುಕಾಳಾದ ನೋಟ, ಬೇಕಿದ್ದರೆ ಡಿಜಿಟಲ್ ಚಿತ್ರಕ್ಕೂ ಸೇರಿಸಬಹುದು. ಫಿಲ್ಮ್ ಎಂಬುದು ಬರಿಯ ಬೆಡಗು.

ಹಳೆಯ ಲೆನ್ಸ್: ಗ್ರೇನ್‌ಗಾಗಿ ಫಿಲ್ಮ್ ಬಳಸುತ್ತಾರೆಂದು ತಾವು ತಿಳಿದಿದ್ದರೆ ಈ ಗುಂಪಿನಲ್ಲಿ ಏಕಿದ್ದೀರಿ?

ನಿರ್ವಾಹಕರು: ಇಬ್ಬರೂ ಸೌಜನ್ಯ ಕಾಪಾಡಬೇಕು.

ಛಾಯಾಗ್ರಾಹಕಿ: ಒಮ್ಮೆ ಮಾತ್ರ ಉತ್ತರಿಸುತ್ತೇನೆ. ಜಾಗ ಮತ್ತು ಬೆಳಕನ್ನು ನಾನು ಆರಿಸುತ್ತೇನೆ. ಅಲ್ಲಿ ಏನಾಗಬೇಕೆಂಬುದನ್ನು ಆರಿಸುವುದಿಲ್ಲ. ಅವರು ಜಗಳವಾಡಿದರೆ ಜಗಳ, ಸುಮ್ಮನೆ ಕುಳಿತರೆ ಸುಮ್ಮನೆ ಕುಳಿತದ್ದು. ಕ್ಯಾಮೆರಾದ ಹಿಂದೆ ಪರದೆಯಿಲ್ಲದಿದ್ದರೆ ಚಿತ್ರ ತೋರಿಸಿ ಎಂದು ಅವರು ಕೇಳುವುದಿಲ್ಲ, ನಾನೂ ತಲೆ ತಗ್ಗಿಸಿ ನೋಡುತ್ತಾ ನಿಲ್ಲುವುದಿಲ್ಲ; ಸ್ವಲ್ಪ ಹೊತ್ತಿನಲ್ಲಿ ನಾನಿರುವುದನ್ನೇ ಮರೆಯುತ್ತಾರೆ. ನನಗೆ ಫಿಲ್ಮ್ ಬೇಕಾಗಿರುವುದು ಇದಕ್ಕೆ. ಬೆಡಗೆನ್ನುವವರು ಎನ್ನಲಿ.

ಖಾಲಿ ಕೈ: ನನ್ನ ರೀಲು ಪೂರ್ತಿ ಪಾರದರ್ಶಕವಾಗಿ ಬಂದಿದೆ. ಅಂಚಿನ ಅಕ್ಷರ ಮತ್ತು ಸಂಖ್ಯೆಗಳು ಮಾತ್ರ ಸ್ಪಷ್ಟವಾಗಿವೆ.

ಛಾಯಾಗ್ರಾಹಕಿ: ಅಂಚಿನ ಸಂಖ್ಯೆಗಳು ಬಂದಿವೆ ಎಂದರೆ ತೊಳೆದದ್ದು ಸರಿಯಾಗಿದೆ, ಫಿಲ್ಮ್‌ಗೆ ಬೆಳಕೇ ಬಿದ್ದಿಲ್ಲ. ಹೆಚ್ಚಾಗಿ ಫಿಲ್ಮ್‌ನ ತುದಿ ಸುರುಳಿಗೆ ಸಿಕ್ಕಿರುವುದಿಲ್ಲ. ಮುಂದಿನ ಬಾರಿ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತದೆಯೇ ನೋಡಿ.

ಎರಡು ನೆರಳು: ಒಂದೇ ಚೌಕಟ್ಟಿನಲ್ಲಿ ಎರಡು ಚಿತ್ರಗಳನ್ನು ಬೇಕೆಂದೇ ತೆಗೆಯುವುದು ಹೇಗೆ, ಮೇಡಂ?

ಹೊಸಬ: ಯಾವ ಫಿಲ್ಮ್ ಒಳ್ಳೆಯದು?

ಛಾಯಾಗ್ರಾಹಕಿ: ಮೊದಲ ಉತ್ತರ ಓದಿ.

ಮಳೆಗಾಲ: ಕ್ಯಾಮೆರಾ ನೀರಿಗೆ ಬಿದ್ದು, ತೆಗೆದ ರೀಲೂ ನೆನೆದಿದೆ. ಹೇರ್ ಡ್ರೈಯರ್‌ನಿಂದ ಒಣಗಿಸಬೇಕೆಂದು ಓದಿದೆ.

ಛಾಯಾಗ್ರಾಹಕಿ: ಒಣಗಿಸಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಚಿತ್ರಗಳೇ ಕಿತ್ತುಬರುತ್ತವೆ. ಬೆಳಕು ಹೋಗದ ಡಬ್ಬಿಯಲ್ಲಿ ಶುದ್ಧ ನೀರು ತುಂಬಿ, ರೀಲನ್ನು ಅದರಲ್ಲಿಯೇ ಮುಳುಗಿಸಿಟ್ಟು, ಇಂದೇ ಲ್ಯಾಬಿಗೆ ಕೊಡಿ. ನೆನೆದಿದೆಯೆಂದು ಮೊದಲೇ ತಿಳಿಸಿ. ಇನ್ನು ಮುಂದೆ ಸಂದೇಶಗಳಲ್ಲಿ ಬಂದ ಮದ್ದುಗಳನ್ನು ಪ್ರಯೋಗಿಸಿದ ನಂತರ ನನ್ನನ್ನು ಕೇಳಬೇಡಿ, ಮೊದಲೇ ಕೇಳಿ.

ನೇರಮಾತು: ಪ್ರಶ್ನೆ ಕೇಳುವವರ ಮೇಲೆ ಇಷ್ಟು ಸಿಡುಕು ಬೇಕೇ?

ಹಳೆಯ ಲೆನ್ಸ್: ತಾವು ಕೇಳಿದ್ದು ಪ್ರಶ್ನೆಯಲ್ಲ, ಕೊಂಕು.

ಹೊಸಬ: ಓದಿದೆ. ಆದರೆ 200ರ ಫಿಲ್ಮ್ ಆಗುವುದಿಲ್ಲವೇ?

ಅಕ್ಕನ ತಮ್ಮ: ಮೇಡಂ, ಪರೀಕ್ಷಿಸಿದೆ. 1/1000ರಲ್ಲಿ ಒಂದು ಪಕ್ಕ ಬೆಳಗುವುದೇ ಇಲ್ಲ, 1/500ರಲ್ಲಿ ಮಬ್ಬಾಗಿದೆ, 1/125ರಲ್ಲಿ ಎರಡೂ ಪಕ್ಕ ಸಮವಾಗಿವೆ. ಎಣ್ಣೆ ಬಿಟ್ಟಿಲ್ಲ.

ಛಾಯಾಗ್ರಾಹಕಿ: ಒಳ್ಳೆಯದು. 1/250ನ್ನೂ ನಂಬಬೇಡಿ. ನಾಳೆಯೇ 1/125ರಲ್ಲಿ ಬಿಸಿಲು, ನೆರಳು ಎರಡರಲ್ಲೂ ಇನ್ನೊಂದು ರೀಲು ತೆಗೆದು ತೊಳೆಸಿ, ನೆಗೆಟಿವ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನಿಂದ ಅಂಚಿಗೆ ನೋಡಿ. ಚಿತ್ರದಲ್ಲಿ ಕಪ್ಪಾಗುವ ಭಾಗ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಅದರಲ್ಲಿಯೂ ಒಂದು ಪಕ್ಕ ತಿಳಿಯಾಗುತ್ತಾ ಹೋಗಿದ್ದರೆ ಆ ಕ್ಯಾಮೆರಾವನ್ನು ಮನೆಯಲ್ಲಿಯೇ ಬಿಟ್ಟು ಹೋಗಿ.