ರಿಫರ್ಬಿಶ್ಡ್ ಕಂಪ್ಯೂಟರಿಗೆ ‘ಹಸನು ಮಾಡಿದ’ ಅನ್ನಬಹುದಾ?

ಎಲ್ರಿಗೂ ನಮಸ್ಕಾರ, ಮಡಿಕೇರಿಯಿಂದ ಬರೀತಿದ್ದೀನಿ. ನಾವೊಂದು ನಾಲ್ಕು ಜನ ಸೇರಿ ಆಫೀಸುಗಳು ಕೊಡೋ ಹಳೇ ಕಂಪ್ಯೂಟರ್ ತಂದು ಸಿದ್ಧ ಮಾಡಿ ಶಾಲೆಗಳಿಗೆ, ಮಹಿಳಾ ಸಂಘಗಳಿಗೆ ಕೊಡ್ತೀವಿ. ಹೀಗೆ ಸಿದ್ಧ ಮಾಡಿದ್ದಕ್ಕೆ ಇಂಗ್ಲಿಷಲ್ಲಿ ‘ರಿಫರ್ಬಿಶ್ಡ್’ ಅಂತಾರೆ, ಅದಕ್ಕೊಂದು ಕನ್ನಡ ಮಾತು ಹುಡುಕ್ತಿದ್ದೀವಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಲ್ತು ನೋಡಿ, ಅದಾದ್ಮೇಲೆ ವಿಂಡೋಸ್ 11 ಹತ್ತದ, ಆದ್ರೆ ಗಟ್ಟಿಮುಟ್ಟಾಗಿರೋ ಮೆಷಿನ್‌ಗಳೇ ಜಾಸ್ತಿ ಬರ್ತಿವೆ, ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕ್ತೀವಿ.

ಜೊತೆಗೆ ಕೊಡೋ ಚೀಟೀಲಿ ‘ದುರಸ್ತಿ ಮಾಡಿದ ಕಂಪ್ಯೂಟರ್’ ಅಂತ ಬರೆದಿದ್ವಿ. ಸೋಮವಾರಪೇಟೆ ಕಡೆ ಒಬ್ರು ಹೆಡ್‌ಮೇಷ್ಟ್ರು ಅದನ್ನ ಓದಿ "ಏನ್ ಕೆಟ್ಟಿತ್ತು ಸರ್ ಇದಕ್ಕೆ, ನಾಳೆ ಮತ್ತೆ ಕೆಟ್ರೆ ದಾಸ್ತಾನು ಪುಸ್ತಕದಲ್ಲಿ ಏನಂತ ಬರೀಲಿ?" ಅಂದ್ರು. ಅವರು ಕೇಳಿದ್ದು ನ್ಯಾಯವೇ, ಯಾಕಂದ್ರೆ ದುರಸ್ತಿ ಅಂದ್ಮೇಲೆ ಕೆಟ್ಟಿರ್ಲೇಬೇಕು. ಇದು ಕೆಟ್ಟಿರ್ಲಿಲ್ಲ. ನಾವು ಮಾಡಿದ್ದೇನು ಅಂದ್ರೆ ಬಿಚ್ಚಿ ಧೂಳು ಹೊಡೆದು, ಒಣಗಿ ಸುಣ್ಣದ ಥರ ಉದುರ್ತಿದ್ದ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿ ಹೊರಗೆ ಸಾಗಿಸೋಕೆ ಹಚ್ಚೋ ಪೇಸ್ಟ್) ಒರೆಸಿ ಹೊಸದು ಹಚ್ಚಿ, ನಮ್ಮೂರ ಮಳೆಗಾಲದ ಥಂಡಿಗೆ ಮಂಕು ಹಿಡಿದ ರ‍್ಯಾಮ್ ಅಂಚನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಟೈಮು ತಾರೀಕು ನೆನಪಿಡೋ 3 ವೋಲ್ಟಿನ ಸೆಲ್ ಬದಲಾಯಿಸಿ, ಹಳೇ ಡೇಟಾ ಪೂರ್ತಿ ಅಳಿಸಿ, ಹಳೇ ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿ ಹಾಕಿ ಒಂದು ರಾತ್ರಿ ಓಡಿಸಿ ನೋಡಿದ್ದು. 2022ರ ಇ-ತ್ಯಾಜ್ಯ ನಿಯಮದಲ್ಲೂ ಹಳೇದನ್ನ ಮತ್ತೆ ಬಳಸೋ ಹಾಗೆ ಮಾಡೋ ರಿಫರ್ಬಿಶರ್ ಬೇರೆ, ಅದನ್ನ ಒಡೆದು ಒಳಗಿನ ವಸ್ತು ತೆಗೆಯೋ ರೀಸೈಕ್ಲರ್ ಬೇರೆ.

‘ನವೀಕರಣ’ ಅಂದ್ರೆ ಜನಕ್ಕೆ ಲೈಸೆನ್ಸೇ ನೆನಪಾಗೋದು. ‘ಮರುಬಳಕೆ’ಯಲ್ಲಿ ಮಾಡಿದ ಕೆಲಸವೇ ಕಾಣಲ್ಲ, ರೀಸೈಕಲ್‌ಗೂ ಅದನ್ನೇ ಹೇಳ್ತಾರೆ. ‘ಜೀರ್ಣೋದ್ಧಾರ’ ಅರ್ಥದಲ್ಲಿ ತುಂಬಾ ಹತ್ರ, ಸವೆದದ್ದನ್ನ ಎತ್ತಿ ನಿಲ್ಸೋದು, ಆದ್ರೆ ಕೇಳಿದ ತಕ್ಷಣ ದೇವಸ್ಥಾನ ಕಣ್ಮುಂದೆ ಬರುತ್ತೆ.

ಮೊನ್ನೆ ಅಮ್ಮ ಮೊರ ಹಿಡ್ಕೊಂಡು "ಇರು, ಅಕ್ಕಿ ಹಸನು ಮಾಡಿ ಬರ್ತೀನಿ" ಅಂದ್ರು, ಆಗ ಹೊಳೀತು. ಅಕ್ಕಿ ಕೆಟ್ಟಿರಲ್ಲ, ಕಲ್ಲು ಹೊಟ್ಟು ತೆಗೆದು ಒಲೆಗೆ ಅಣಿ ಮಾಡೋದಷ್ಟೇ. ಹೊಲ ಹಸನು ಮಾಡೋದೂ ಹಂಗೇ ಅಲ್ವಾ. ನನಗಂತೂ ‘ಹಸನು ಮಾಡಿದ ಕಂಪ್ಯೂಟರ್’ ಅಂದ್ರೆ ಕೈ ಆಡಿದ ಕೆಲಸ ಕಾಣುತ್ತೆ.

ಧಾರವಾಡ, ಕಲಬುರಗಿ ಕಡೆಯವರು ಹೇಳಿ, ನಿಮ್ಮಲ್ಲಿ ಹಸನು ಅಂದ್ರೆ ಬರೀ ಕ್ಲೀನಾ, ಅಥವಾ ಬಳಕೆಗೆ ಸಿದ್ಧ ಅನ್ನೋ ಅರ್ಥನೂ ಇದ್ಯಾ? ಯಂತ್ರಕ್ಕೆ ಈ ಮಾತು ಯಾರಾದ್ರೂ ಆಡೋದು ಕೇಳಿದ್ದೀರಾ? ದಾಸ್ತಾನು ಪುಸ್ತಕಕ್ಕೆ ‘ಹಸನುಗೊಳಿಸಿದ’ ಅಂದ್ರೆ ಚೆಂದವೋ, ‘ಹಸನು ಮಾಡಿದ’ ಸಾಕೋ? ಮುಂದಿನ ವಾರ ನಾಪೋಕ್ಲು ಕಡೆ ಆರು ಮೆಷಿನ್ ಹೋಗ್ತವೆ, ಅಷ್ಟರೊಳಗೆ ಚೀಟಿ ಪ್ರಿಂಟ್ ಮಾಡಿಸ್ಬೇಕು.