ಪದಚರ್ಚೆ: ಗಾಯಬ್ ಆಯಿತೋ, ಕಾಣೆಯಾಯಿತೋ, ಕೊಂಡವಾಡ ಸೇರಿತೋ?

ಗೆಳೆಯರೇ,

ಹೋದ ವಾರ ಸಿಂಧನೂರಿನಿಂದ ಸೋದರಮಾವ ಫೋನ್ ಮಾಡಿದ್ದರು. "ಅಳಿಯಾ, ಕಂಪ್ಯೂಟರಿನಾಗ ಕನ್ನಡ ಗಾಯಬ್ ಆಗ್ಯಾದ" ಎಂದರು. ಕನ್ನಡ ಟೈಪ್ ಮಾಡುವ ತಂತ್ರಾಂಶ ಸಿಗುತ್ತಿಲ್ಲ ಅಂತ ಅರ್ಥ. ಹಿಂದಿನಿಂದ ಅತ್ತೆಯ ದನಿ: "ಹುಡುಗ ಡಿಲೀಟ್ ಮಾಡ್ಯಾನ." ಮೊಮ್ಮಗನಿಗೆ ಆಗಲೇ ಬೈಗುಳ ಬಿದ್ದಿತ್ತು.

ರಾಯಚೂರಿನಿಂದ ಹೋಗಿ ನೋಡಿದೆ. ಡೆಸ್ಕ್‌ಟಾಪಿನಲ್ಲಿ ಐಕಾನ್ ಇರಲಿಲ್ಲ. ಐಕಾನ್ ಹೋದರೆ ತಂತ್ರಾಂಶವೇ ಹೋದಂತಲ್ಲ, ಅದು ಬರೀ ದಾರಿ ತೋರಿಸುವ ಗುರುತು. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಹೆಸರು ಇತ್ತು. ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್‌ನಲ್ಲಿ ಫೋಲ್ಡರೂ ಇತ್ತು. ಒಳಗೆ ಫಾಂಟು ಗೀಂಟು ಎಲ್ಲ ಇವೆ, ತಂತ್ರಾಂಶವನ್ನು ಓಡಿಸುವ ಫೈಲ್ ಒಂದೇ ಇಲ್ಲ! ಅನುಮಾನ ಬಂದು ಆಂಟಿವೈರಸ್ ತೆರೆದೆ. ಫೈಲ್ ಅಲ್ಲಿ ಕ್ವಾರಂಟೈನ್‌ನಲ್ಲಿ, ಅಂದರೆ ಅನುಮಾನದ ಫೈಲುಗಳನ್ನು ಅಳಿಸದೆ ಬೇರೆಯಾಗಿ ಇಡುವ ಜಾಗದಲ್ಲಿ, ಕೂತಿತ್ತು. ಇಂಥ ತಂತ್ರಾಂಶ ನಾವು ಒತ್ತುವ ಪ್ರತಿ ಕೀಲಿಯನ್ನೂ ಗಮನಿಸಿ ಅಕ್ಷರ ಬದಲಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನೇ ಗಮನಿಸುತ್ತದೆ. ಹಾಗಾಗಿ ಒಮ್ಮೊಮ್ಮೆ ಒಳ್ಳೆಯದೂ ಕಳ್ಳನ ಹಾಗೆ ಕಾಣುತ್ತದೆ. ತಯಾರಿಸಿದವರ ತಾಣದಿಂದಲೇ ಇಳಿಸಿದ್ದು ಅಂತ ಖಾತ್ರಿ ಮಾಡಿಕೊಂಡು ರಿಸ್ಟೋರ್ ಒತ್ತಿದೆ. ಕನ್ನಡ ವಾಪಸ್ ಬಂತು.

ಈಗ ಪದದ ಮಾತು. ಮಾವನ 'ಗಾಯಬ್' ಅರಬ್ಬಿಯಿಂದ ಉರ್ದುವಿನ ಮೂಲಕ ಬಂದದ್ದು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದವು. ಆ ಪದ ಇಲ್ಲಿ ಮನೆಮಾತು. ಬಳ್ಳಾರಿ ಮದ್ರಾಸಿನ ಕಡೆ ಇದ್ದು 1953ರಲ್ಲಿ ಮೈಸೂರಿಗೆ ಸೇರಿತು. ಬಳ್ಳಾರಿಯವಳಾದ ನನ್ನ ಹೆಂಡತಿ 'ಮಾಯ ಆಗೈತೆ' ಅನ್ನುತ್ತಾಳೆ. (ಗೈರುಹಾಜರಿಯ 'ಗೈರು' ಈ ಗಾಯಬ್‌ನ ತಮ್ಮ ಅಂತ ಬಹಳ ದಿನ ನಂಬಿದ್ದೆ. ಅಲ್ಲ. ಅದು 'ಬೇರೆ, ಅಲ್ಲದ' ಎನ್ನುವ ಇನ್ನೊಂದು ಅರಬ್ಬಿ ಪದ.)

ನನಗೆ ಜಾಸ್ತಿ ಇಷ್ಟವಾಗಿದ್ದು 'ಕಾಣೆ'. 'ನಾ ಕಾಣೆ' ಎಂದರೆ ನನಗೆ ಕಾಣುತ್ತಿಲ್ಲ, ಅಷ್ಟೇ. ವಸ್ತು ಇಲ್ಲ ಅಂತ ಅದು ಹೇಳುವುದೇ ಇಲ್ಲ. ಐಕಾನ್ ಹೋದಾಗ ಇದಕ್ಕಿಂತ ಸರಿಯಾದ ಪದ ಸಿಗಲಿಕ್ಕಿಲ್ಲ. 'ಅಳಿಸು' ಅಂದರೆ ಯಾರದೋ ಕೈ ಬೇಕು, ಸ್ಲೇಟಿನ ಅಕ್ಷರದ ಹಾಗೆ. 'ಅಳಿ' ಎಂದರೆ ತಾನೇ ಇಲ್ಲವಾಗುವುದು. 'ಡಿಲೀಟ್' ಎರಡಕ್ಕೂ ನಡೆಯುತ್ತದೆ. ಅದರ ಹಿಂದೆ ಬರುವ 'ಆಗು', 'ಮಾಡು' ನೋಡಿಯೇ ತೀರ್ಪು. ಅತ್ತೆ 'ಆಗ್ಯಾದ' ಅಂದಿದ್ದರೆ ಹುಡುಗ ಬಚಾವ್.

ಕ್ವಾರಂಟೈನ್‌ಗೆ ಏನನ್ನೋಣ? 2020ರಲ್ಲಿ ಆ ಪದ ಎಲ್ಲರ ಬಾಯಿಗೂ ಬಂತು. ಅದಕ್ಕೇ ತೊಂದರೆ. ಮಾವನಿಗೆ ಹೇಳಿದರೆ "ಕಂಪ್ಯೂಟರಿಗೆ ಜ್ವರ ಬಂದಾದೇನು?" ಅಂದರು. ಕೊನೆಗೆ "ಕೊಂಡವಾಡಕ್ಕ ಹಾಕ್ಯಾದ ಮಾವಾ" ಅಂದೆ. ತಟ್ಟನೆ ತಿಳಿಯಿತು. ಹೊಲಕ್ಕೆ ನುಗ್ಗಿದ ದನವನ್ನು ಕೂಡಿಹಾಕುವ ಜಾಗ ಅದು, ಹಳೇ ಮೈಸೂರಿನವರು ದೊಡ್ಡಿ ಅನ್ನುತ್ತಾರಲ್ಲ, ಅದೇ. ದನ ಸತ್ತಿಲ್ಲ, ಮಾರಿಲ್ಲ. ಆದರೆ ಹೊರಗೆ ಮೇಯುವ ಹಾಗಿಲ್ಲ. ಒಡೆಯ ಬಂದು ನನ್ನದೇ ಅಂತ ಹೇಳಿ ಬಿಡಿಸಿಕೊಂಡು ಹೋಗಬೇಕು. ರಿಸ್ಟೋರ್‌ಗೆ 'ಬಿಡಿಸು' ಅನ್ನುವ ಪದವೂ ಅಲ್ಲೇ ಸಿಕ್ಕಿತು, ಅಲ್ವಾ?

ಮೊಮ್ಮಗನಿಗೆ ಮಾತ್ರ ಕೊಂಡವಾಡ ಗೊತ್ತಿರಲಿಲ್ಲ. ಕೊಪ್ಪಳ, ಗಂಗಾವತಿ ಕಡೆ ಈ ಜಾಗಕ್ಕೆ ಏನನ್ನುತ್ತೀರಿ? ಅಲ್ಲಿನ ಹುಡುಗರ ಬಾಯಲ್ಲಿ ಆ ಪದ ಇನ್ನೂ ಇದೆಯೇ? ಇನ್ನೊಂದು ಸಂಶಯ. ಹೆಂಡತಿಯ 'ಮಾಯ' ಸಂಸ್ಕೃತದ ಮಾಯೆಯೇ, ಇಲ್ಲ 'ಗಾಯ ಮಾಯಿತು' ಅನ್ನುವಾಗಿನ ನಮ್ಮ 'ಮಾಯು' ಕೂಡ ಅದರಲ್ಲಿ ಕಲೆತಿದೆಯೇ? ತಮಿಳಿನಲ್ಲೂ 'ಮಾಯ್' ಎಂದರೆ ಮರೆಯಾಗು, ಸಾಯು ಎಂಬ ಅರ್ಥಗಳಿವೆ. ತಿಳಿದವರು ಬರೆಯಿರಿ.