ನಾಲ್ಕನೇ ಕಾರಿನ ಡಿಕ್ಕಿ

ಚಿಕ್ಕಮಗಳೂರಿನಲ್ಲಿ ಸುದ್ದಿ ಮೊದಲು ಎಂ.ಜಿ. ರಸ್ತೆಗೆ ಬರುತ್ತದೆ, ಆಮೇಲೆ ನಿಜವಾಗುತ್ತದೆ. ಕೆಲವು ಸಲ ಆಗುವುದೇ ಇಲ್ಲ, ಅದು ಬೇರೆ ಮಾತು. ಈ ಸಲದ ಸುದ್ದಿ ಏನಪ್ಪಾ ಅಂದರೆ, ಊರ ನಡುವಿನ ಅಂಗಡಿ ಬೀದಿಗಳಿಗೆ ಹೊಸ ವಲಯ ನಿಯಮ, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು, ಎಷ್ಟು ಕಟ್ಟಬಹುದು ಅನ್ನುವ ನಿಯಮ ಬರುತ್ತಂತೆ. ಯಾರು ಹೇಳಿದರು ಅಂದರೆ ಯಾರಿಗೂ ಗೊತ್ತಿಲ್ಲ. ಆದರೆ ಸಂಜೆ ಪುಡಿ ಶೇಖರಣ್ಣನ ಅಂಗಡಿ ಬೆಂಚಿನ ಮೇಲೆ ಸೇರಿದ್ದ ಐದೂ ಜನಕ್ಕೆ ಅದರ ಒಳವಿವರವೆಲ್ಲ ಗೊತ್ತಿತ್ತು.

ಪುಡಿ ಶೇಖರಣ್ಣ ಅಂದರೆ ಕಾಫಿಪುಡಿ ಅಂಗಡಿಯವರು. ಮುಂದೆ ಅಂಗಡಿ, ನಡುವೆ ಪುಡಿ ಮಾಡುವ ಮೆಷಿನ್ನು, ಹಿಂದೆ ಮನೆ. ಹನ್ನೆರಡು ಅಡಿ ಅಗಲ, ಅರವತ್ತು ಅಡಿ ಉದ್ದದ ಜಾಗ, ಥೇಟ್ ರೈಲು ಬೋಗಿ. ನಮ್ಮೂರಿಗೆ ನಿಜವಾದ ರೈಲು ಬಂದದ್ದು 2013ರಲ್ಲಿ, ಶೇಖರಣ್ಣನ ಬೋಗಿ ಅವರ ತಾತನ ಕಾಲದಿಂದಲೂ ನಿಂತಿದೆ. ಪಕ್ಕದ ಕಟ್ಟಡದ ಮೆಟ್ಟಿಲ ಕೆಳಗೆ ಟೈಲರ್ ಹಮೀದಣ್ಣ. ಎದುರಿಗೆ ನನ್ನ ಜೆರಾಕ್ಸ್ ಅಂಗಡಿ. ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಒಬ್ಬರು, ಕೊಪ್ಪದ ಕಡೆಯ ಲಾಯರ್ರು ಒಬ್ಬರು. ಆರನೆಯವರು ಹೂವಿನ ಮಂಜಕ್ಕ. ಅವರು ಬೆಂಚಿನ ಮೇಲೆ ಕೂರುವುದಿಲ್ಲ, ಫುಟ್‌ಪಾತ್ ಮೇಲೆ ಬುಟ್ಟಿ ಇಟ್ಟುಕೊಂಡು ಮಾಲೆ ಕಟ್ಟುತ್ತಾ ಇರುತ್ತಾರೆ. ಕಿವಿ ಮಾತ್ರ ಬೆಂಚಿನ ಮೇಲಿರುತ್ತದೆ.

"ಇನ್ಮೇಲೆ ಜಾಗದ ಮೂರು ಪಟ್ಟು ಕಟ್ಟಬಹುದಂತೆ ಕಣ್ರೀ" ಅಂತ ಶೇಖರಣ್ಣ ಶುರು ಮಾಡಿದರು. "ನೆಲ ಒಂದು, ಮೇಲೆ ಎರಡು ಮಹಡಿ. ಕೆಳಗೆ ಅಂಗಡಿ, ನಡುವೆ ಬಾಡಿಗೆ, ಮೇಲೆ ನಾನು."

"ಎಂತ ಮಾರಾಯ್ರೆ, ಕರಡೇ ಇನ್ನೂ ಬಂದಿಲ್ಲ, ನೀವು ಗೃಹಪ್ರವೇಶಕ್ಕೆ ಕರೀತೀರಿ" ಅಂದರು ಲಾಯರ್ರು. "ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂತ ಒಂದಿದೆ, 1961ರದ್ದು. ಊರಿಗೊಂದು ಮಹಾಯೋಜನೆ, ಅಂದ್ರೆ ಮಾಸ್ಟರ್ ಪ್ಲಾನ್ ಮಾಡ್ಬೇಕು, ಹತ್ತು ವರ್ಷಕ್ಕೊಮ್ಮೆಯಾದ್ರೂ ಅದನ್ನ ತಿರುಗಿ ನೋಡ್ಬೇಕು. ಮೊದಲು ಕರಡು ಪ್ರಕಟ ಮಾಡ್ತಾರೆ. ಜನ ಏನಾದ್ರೂ ಹೇಳೋದಿದ್ರೆ 60 ದಿನ ಟೈಮು. ಆಮೇಲೆ ಬಾಯಿ ಬಡ್ಕೊಂಡ್ರೆ ಆಗೋದಲ್ಲ."

"ಪ್ರಕಟ ಎಲ್ಲಿ ಮಾಡ್ತಾರೆ?"

"ಗೆಜೆಟ್‌ನಲ್ಲಿ."

ಯಾರೂ ಮಾತಾಡಲಿಲ್ಲ. ನಮ್ಮ ಬೀದಿಯಲ್ಲಿ ಗೆಜೆಟ್ ಓದುವವರು ಯಾರಾದರೂ ಇದ್ದರೆ ಅವರು ಇಷ್ಟು ಹೊತ್ತಿಗೆ ಬೆಂಗಳೂರಿಗೆ ವರ್ಗವಾಗಿ ಹೋಗಿರುತ್ತಾರೆ.

ಮೇಷ್ಟ್ರಿಗೆ ನಕ್ಷೆ ಅಂದರೆ ಪ್ರಾಣ. ಸೀಮೆಸುಣ್ಣ ಇಲ್ಲ, ಬೆರಳನ್ನೇ ಸೀಮೆಸುಣ್ಣ ಮಾಡಿಕೊಂಡು ಗಾಳಿಯಲ್ಲಿ ಬರೆದರು. "ಯೋಜನೆಯ ನಕ್ಷೇಲಿ ಹಳದಿ ಅಂದ್ರೆ ವಾಸದ ಜಾಗ. ನೀಲಿ ಅಂದ್ರೆ ವ್ಯಾಪಾರ. ನೇರಳೆ ಕೈಗಾರಿಕೆ. ಶಾಲೆ, ಆಸ್ಪತ್ರೆ, ಕಚೇರಿ ಥರದ ಸಾರ್ವಜನಿಕ ಜಾಗಕ್ಕೆ ಕೆಂಪು. ಪಾರ್ಕಿಗೆ ಹಸಿರು. ಈಗ ಹೇಳು ಶೇಖರ, ನಿನ್ನ ಜಾಗ ಯಾವ ಬಣ್ಣ?"

ಶೇಖರಣ್ಣ ಯೋಚನೆಗೆ ಬಿದ್ದರು. ಮುಂದಿನ ಅಂಗಡಿ ನೀಲಿ. ಹಿಂದಿನ ಮನೆ ಹಳದಿ. ನಡುವಿನ ಮೆಷಿನ್ನು? ಅದು ಎಷ್ಟು ಎಚ್‌ಪಿ ಮೋಟಾರು ಅನ್ನುವುದರ ಮೇಲೆ ಹೋಗುತ್ತದೆ ಅಂತ ಲಾಯರ್ರು ಹೆದರಿಸಿದರು, ಹಾಗಾಗಿ ಸದ್ಯಕ್ಕೆ ತಿಳಿ ನೇರಳೆ. ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಇದೆ, ಹಸಿರು.

ಒಳಗಿನಿಂದ ಅತ್ತಿಗೆಯ ದನಿ ಬಂತು. "ಆ ಬೆಂಚಿಗೆ ಕೆಂಪು ಬಳೀರಿ. ನಮ್ಮನೇಲಿ ಸಾರ್ವಜನಿಕವಾಗಿರೋದು ಅದೊಂದೇ."

ಈ ಬಣ್ಣದ ತೊಂದರೆ ತಮಾಷೆಯೇನಲ್ಲ. ನಮ್ಮಂಥ ಊರುಗಳಲ್ಲಿ ಹಳೇ ಬೀದಿಯ ಅರ್ಧಕ್ಕರ್ಧ ಜನ ಶೇಖರಣ್ಣನ ಹಾಗೇ ಬದುಕುವವರು. ಅಂಗಡಿ ಬಾಗಿಲಲ್ಲಿ ಗಿರಾಕಿ, ಒಳಬಾಗಿಲಲ್ಲಿ ಕುಕ್ಕರ್. ಮೇಷ್ಟ್ರು ಹೇಳಿದರು, ಜಪಾನಿನಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾದ ವಸತಿ ವಲಯದಲ್ಲೂ ಮನೆಯೊಳಗೆ ಸಣ್ಣ ಅಂಗಡಿ ಇಡಬಹುದಂತೆ. 50 ಚದರ ಮೀಟರ್ ದಾಟಬಾರದು, ಮನೆಯ ಅರ್ಧಕ್ಕಿಂತ ಜಾಸ್ತಿ ಜಾಗ ನುಂಗಬಾರದು, ಅಷ್ಟೇ.

"ಜಪಾನಿನವರು ಪುಣ್ಯವಂತರು ಬಿಡಿ" ಅಂದರು ಶೇಖರಣ್ಣ. "ಆದ್ರೆ ನಮ್ದು ಪೂರ್ತಿ ನೀಲಿ ಆದ್ರೂ ನನಗೇನೂ ಬೇಜಾರಿಲ್ಲ. ಮೂರು ಪಟ್ಟು!"

ಆಗ ಲಾಯರ್ರು ಪಾರ್ಕಿಂಗ್ ಅಂದರು. ಅಲ್ಲಿಂದ ಮಾತು ಹಳಿ ತಪ್ಪಿತು.

"ಕಟ್ಟೋದೇನೋ ಕಟ್ಟಿ. ಆದ್ರೆ ಹೊಸದಾಗಿ ಕಟ್ಟಿದ ಮೇಲೆ ಕಾರಿಗೆ ಜಾಗ ತೋರಿಸ್ಬೇಕು. ದೊಡ್ಡ ಊರಿನ ನಿಯಮದಲ್ಲಿ ಅಂಗಡಿಗೆ 50 ಚದರ ಮೀಟರಿಗೆ ಒಂದು ಕಾರು ಅನ್ನೋ ಥರದ ಲೆಕ್ಕ ಇರ್ತದೆ. ಅದನ್ನೇ ಇಲ್ಲಿಗೂ ತಂದ್ರೆ?"

ಶೇಖರಣ್ಣ ಕಾಫಿಪುಡಿ ಪೊಟ್ಟಣದ ಹಾಳೆ ಎಳೆದರು. ನಾನು ಪೆನ್ನು ಕೊಟ್ಟೆ. ಹನ್ನೆರಡು ಇಂಟು ಅರವತ್ತು, 720 ಚದರ ಅಡಿ. ಮೂರು ಅಂತಸ್ತು ಅಂದರೆ 2,160. ಮೀಟರಿಗೆ ತಿರುಗಿಸಿದರೆ ಹೆಚ್ಚೂಕಡಿಮೆ 200. ನಾಲ್ಕು ಕಾರು.

"ನಾಲ್ಕೇ ತಾನೇ" ಅಂದರು ಶೇಖರಣ್ಣ, ಇನ್ನೂ ನಗುತ್ತಿದ್ದರು.

ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು ಅಂತ ಇಟ್ಟುಕೊಳ್ಳಿ. ಸುಮಾರು 135 ಚದರ ಅಡಿ. ಹಮೀದಣ್ಣ ಟೇಪು ಬಿಚ್ಚಿದರು. ಅಳತೆ ಅಂದಮೇಲೆ ಟೈಲರ್ ಸುಮ್ನಿರುತ್ತಾರಾ? ಹನ್ನೆರಡು ಅಡಿ ಅಗಲದಲ್ಲಿ ಎರಡು ಕಾರು ಅಕ್ಕಪಕ್ಕ ನಿಲ್ಲುವುದಿಲ್ಲ. ಒಂದರ ಹಿಂದೆ ಒಂದು ನಿಲ್ಲಬೇಕು. ಒಂದು ಕಾರಿಗೆ ಹದಿನಾರು ಅಡಿ ನಾಲ್ಕು ಅಂಗುಲಕ್ಕೂ ಒಂಚೂರು ಜಾಸ್ತಿ. ನಾಲ್ಕಕ್ಕೆ ಅರವತ್ತೈದೂವರೆ ಅಡಿ. ಜಾಗ ಇರುವುದು ಅರವತ್ತು.

"ಅಂದ್ರೆ?" ಅಂದರು ಶೇಖರಣ್ಣ.

"ಅಂದ್ರೆ ನಾಲ್ಕನೇ ಕಾರಿನ ಡಿಕ್ಕಿ ಐದೂವರೆ ಅಡಿ ಎಂ.ಜಿ. ರಸ್ತೆಗೆ ಬಂದಿರ್ತದೆ" ಅಂದರು ಹಮೀದಣ್ಣ. "ಒಳಗೆ ಸೇರಿಸಿ ಹೊಲಿಯೋಕೆ ಬಟ್ಟೆ ಅಲ್ಲವಲ್ಲ."

"ಮತ್ತೆ ನನ್ನ ಅಂಗಡಿ?"

"ಮೊದಲನೇ ಮಹಡೀಲಿ. ಕಾರು ನಿಂತು ಉಳಿದ ಮೂರೂಮುಕ್ಕಾಲು ಅಡೀಲಿ ಮೆಟ್ಟಿಲು. ಕಾಲು ಕೆಜಿ ಪುಡಿ ಬೇಕಾದ ಅಜ್ಜಿ ಕಾರುಗಳ ಪಕ್ಕ ಅಡ್ಡಡ್ಡ ನಡ್ಕೊಂಡು ಹೋಗಿ ಹತ್ತಬೇಕು."

"ಮೊದಲು ಒಳಗೆ ಹೋದ ಕಾರು ಆಚೆ ಬರ್ಬೇಕಾದ್ರೆ?" ಅಂತ ನಾನು ಕೇಳಿದೆ.

"ಮಿಕ್ಕ ಮೂರರ ಡ್ರೈವರ್‌ಗಳಿಗೂ ಶೇಖರ ಫೋನ್ ಮಾಡ್ಬೇಕು" ಅಂದರು ಮೇಷ್ಟ್ರು. "ಅಕ್ಕಪಕ್ಕ ಒಂದೊಂದು ಮೀಟರ್ ಸೆಟ್‌ಬ್ಯಾಕ್ ಅಂತ ಖಾಲಿ ಬಿಡೋಕೆ ಬೇರೆ ಕೇಳಿದ್ರೆ ಉಳಿಯೋದು ಐದೂವರೆ ಅಡಿ ಅಗಲ. ಆಗ ಕಾರಿನ ಚಿಂತೇನೂ ಇಲ್ಲ, ಅಂಗಡಿ ಚಿಂತೇನೂ ಇಲ್ಲ. ಶೇಖರ ಒಬ್ಬನೇ ನೆಟ್ಟಗೆ ನಿಲ್ಬಹುದು."

ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಶೇಖರಣ್ಣ ಮಾತ್ರ ಹಾಳೆಯನ್ನೇ ನೋಡುತ್ತಿದ್ದರು. ಅವರ ಮೂರು ಪಟ್ಟು ಕರಗಿ ಕಾರ್ ಶೆಡ್ ಆಗಿತ್ತು.

ಹಾಗಂತ ಪಾರ್ಕಿಂಗ್ ಬೇಡ ಅನ್ನುವ ಧೈರ್ಯವೂ ಯಾರಿಗೂ ಇಲ್ಲ. ಶನಿವಾರ, ಭಾನುವಾರ ನಮ್ಮ ರಸ್ತೆ ನೋಡಬೇಕು. ಮುಳ್ಳಯ್ಯನಗಿರಿಗೆ ಹೋಗಬೇಕಾದರೆ ಈಗ ಆನ್‌ಲೈನ್ ಬುಕಿಂಗ್ ಮಾಡಬೇಕು. ಎಂ.ಜಿ. ರಸ್ತೆಗೆ ಬುಕಿಂಗೂ ಬೇಡ, ಬುದ್ಧಿಯೂ ಬೇಡ. ಗಿರಿಯಿಂದ ಇಳಿದವರೆಲ್ಲ ಅರ್ಧ ಕೆಜಿ ಪುಡಿಗೆ ಅಂತ ಇಲ್ಲೇ ಕಾರು ನಿಲ್ಲಿಸಿ, ಪುಡಿ ಬಿಟ್ಟು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

"ನನ್ನ ತಂಗಿ ಮಗ ಅಮೆರಿಕದ ಬಫಲೋದಲ್ಲಿದ್ದಾನೆ" ಅಂದರು ಮೇಷ್ಟ್ರು. ತಂಗಿ ಮಗ ಬಂದನೆಂದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಆದರೆ ಅವತ್ತು ಅವನು ಕೆಲಸಕ್ಕೆ ಬಂದ. ಆ ಊರಿನವರು 2017ರಲ್ಲಿ ತಮ್ಮ ವಲಯ ನಿಯಮವನ್ನೆಲ್ಲ ತಿದ್ದಿ ಬರೆದರಂತೆ. ಕಟ್ಟಡಕ್ಕೆ ಇಷ್ಟು ಕಾರಿನ ಜಾಗ ಬೇಕೇ ಬೇಕು ಅನ್ನುವ ಕಡ್ಡಾಯವನ್ನು ಇಡೀ ಊರಿಗೇ ತೆಗೆದುಹಾಕಿದರಂತೆ. ಬೇಕಾದವರು ಬೇಕಾದಷ್ಟು ಮಾಡಿಕೊಳ್ಳಲಿ.

"ಕಾರಿನ ದೇಶದಲ್ಲೇ ತೆಗೆದ್ರಾ?" ಹಮೀದಣ್ಣನಿಗೆ ನಂಬಿಕೆ ಬರಲಿಲ್ಲ.

"ತೆಗೆದ್ರು. ಊರ ನಡುವಿನ ಹಳೇ ಕಟ್ಟಡ ಒಡೆದೊಡೆದು ಕಾರು ನಿಲ್ಲಿಸೋ ಬಯಲು ಮಾಡ್ಕೊಂಡು ಕೂತಿದ್ರಲ್ಲ. ಕಾರಿಗೆ ಜಾಗ ಆಯ್ತು, ಕಾರಿಂದ ಇಳಿದು ಹೋಗೋಕೆ ಅಂಗಡಿ ಇಲ್ಲ."

ನನಗೆ ಅದಕ್ಕಿಂತ ಹಿಡಿಸಿದ್ದು ಅವರು ಆಮೇಲೆ ಹೇಳಿದ ನ್ಯೂಯಾರ್ಕಿನ ಕಥೆ. 1916ರಲ್ಲಿ ಆ ಊರಿಗೆ ವಲಯ ಕಾನೂನು ಬಂತು. ಆಕಾಶಕ್ಕೆ ಎದ್ದ ಕಟ್ಟಡಗಳ ನೆರಳು ಒಂದು ಕಾರಣ. ಇನ್ನೊಂದು, ಫಿಫ್ತ್ ಅವೆನ್ಯೂ ಅನ್ನುವ ಶ್ರೀಮಂತ ಬೀದಿಯ ಅಂಗಡಿಯವರ ಗೋಳು. ಹತ್ತಿರದ ಬಟ್ಟೆ ಕಾರ್ಖಾನೆಗಳಲ್ಲಿ ಹೊಲಿಯುವವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬೀದಿಗೆ ಬಂದು ನಿಲ್ಲುತ್ತಿದ್ದರು. ಅವರನ್ನು ನೋಡಿ ದೊಡ್ಡ ಗಿರಾಕಿಗಳು ಬರುವುದಿಲ್ಲ, ಆ ಕಾರ್ಖಾನೆಗಳನ್ನು ಈ ಕಡೆ ಬಿಡಬೇಡಿ ಅಂತ ಅಂಗಡಿಯವರ ಬೇಡಿಕೆ.

"ಅಂದ್ರೆ ಟೈಲರ್‌ಗಳನ್ನ ಓಡಿಸೋಕೆ ಮಾಡಿದ ಕಾನೂನು" ಅಂದರು ಹಮೀದಣ್ಣ. "ಅದಕ್ಕೇ ನನಗೆ ಮೊದಲಿಂದ ಒಂಥರಾ ಆಗ್ತಾ ಇತ್ತು."

ಎಲ್ಲರೂ ನಕ್ಕರು. ಹಮೀದಣ್ಣ ನಗಲಿಲ್ಲ. ಟೇಪನ್ನು ಸುತ್ತುತ್ತಾ ಹೇಳಿದರು. "ಶೇಖರಣ್ಣಂಗೆ ಜಾಗ ಇದೆ. ಬೆಲೆ ಬಂದ್ರೆ ಮಾರ್ತಾರೆ, ಬರ್ದಿದ್ರೆ ಪುಡಿ ಮಾರ್ತಾರೆ. ನನ್ನ ಓನರ್ ಜಾಗಕ್ಕೆ ಬೆಲೆ ಬಂದ್ರೆ ಅವ್ರಿಗೆ ಲಾಡು, ನನಗೆ ನೋಟಿಸು. ಮೆಟ್ಟಿಲ ಕೆಳಗಿನ ಬಾಡಿಗೆ ಕಡಿಮೆ, ಅದಕ್ಕೇ ನನ್ನ ರೇಟೂ ಕಡಿಮೆ. ಹೊಸ ಕಟ್ಟಡದ ಬಾಡಿಗೆ ಕಟ್ಟಬೇಕಾದ್ರೆ ಪ್ಯಾಂಟ್ ಗಿಡ್ಡ ಮಾಡಿದ್ರೆ ಸಾಲ್ದು, ಚಿನ್ನ ಮಾರ್ಬೇಕು."

ಲಾಯರ್ರು ಗಂಟಲು ಸರಿ ಮಾಡಿಕೊಂಡರು. "ಇದ್ದದ್ದು ಇದ್ದ ಹಾಗೆ ಇದ್ರೆ ಸಾಮಾನ್ಯವಾಗಿ ತೊಂದ್ರೆ ಮಾಡೋದಿಲ್ಲ. ಒಡೆದು ಕಟ್ಟಿದಾಗ ಹೊಸ ನಿಯಮ."

"ಒಡೆಯೋದು ಓನರ್ರು, ನಾನಲ್ಲ."

ಇದಕ್ಕೆ ಲಾಯರ್ರ ಹತ್ತಿರ ಉತ್ತರ ಇರಲಿಲ್ಲ. ಮೇಷ್ಟ್ರ ಅಷ್ಟೂ ಬಣ್ಣಗಳಲ್ಲಿ ಬಾಡಿಗೆದಾರನಿಗೆ ಅಂತ ಒಂದು ಬಣ್ಣ ಇಲ್ಲ. ನನ್ನ ಕೇಳಿದರೆ ಇಡೀ ಲೆಕ್ಕದಲ್ಲಿ ಗೆಲ್ಲುವವನು ಒಬ್ಬನೇ, ಅಕ್ಕಪಕ್ಕದ ಮೂರು ಬೋಗಿ ಒಟ್ಟಿಗೆ ಕೊಳ್ಳುವ ತಾಕತ್ತಿರುವವನು. ಮೂವತ್ತಾರು ಅಡಿ ಅಗಲ ಸಿಕ್ಕಿದರೆ ಕಾರೂ ಒಳಗೆ ಹೋಗುತ್ತದೆ, ಲಿಫ್ಟೂ ಮೇಲೆ ಹೋಗುತ್ತದೆ. ನಿಯಮ ಎಲ್ಲರಿಗೂ ಒಂದೇ, ಅದನ್ನು ಪಾಲಿಸುವಷ್ಟು ಜಾಗ ಎಲ್ಲರಿಗೂ ಇಲ್ಲ. ಕಾರು ನಿಲ್ಲಿಸಲು ಊರಿಗೆಲ್ಲ ಸೇರಿ ನಾಲ್ಕು ಕಡೆ ಜಾಗ ಮಾಡಿ, ದುಡ್ಡು ವಸೂಲಿ ಮಾಡಿ, ಹತ್ತಡಿ ಅಂಗಡಿಯವನ ತಲೆಗೆ ಕಟ್ಟಬೇಡಿ ಅಂದರೆ ಅರ್ಧ ಜಗಳ ಮುಗಿಯುತ್ತದೆ.

"ಇದನ್ನೇ ಬರೆದು ಕೊಡ್ರಲ್ಲ" ಅಂದರು ಮಂಜಕ್ಕ, ದಾರಕ್ಕೆ ಗಂಟು ಹಾಕುತ್ತಾ. "ಬೆಂಚಿಗೆ ಹೇಳಿದ್ರೆ ಏನ್ ಬಂತು?"

"ನಿಮಗೇನು ಮಂಜಕ್ಕ, ಫುಟ್‌ಪಾತು. ನಾಳೆ ಎಬ್ಬಿಸಿದ್ರೆ ಇನ್ನೊಂದು ಕಡೆ" ಅಂದುಬಿಟ್ಟರು ಶೇಖರಣ್ಣ.

ಮಂಜಕ್ಕ ಸೊಂಟದ ಚೀಲದಿಂದ ಒಂದು ಕಾರ್ಡು ತೆಗೆದರು. ಲ್ಯಾಮಿನೇಶನ್ ನಾನೇ ಮಾಡಿಕೊಟ್ಟದ್ದು. "ಎಬ್ಬಿಸೋಕೆ ಅಷ್ಟು ಸಲೀಸಾ? ಸರ್ವೆ ಮಾಡಿ ಕೊಟ್ಟಿದ್ದಾರೆ. ನಮ್ದು ಬೇರೆ ಕಾನೂನು."

ಲಾಯರ್ರು ಹೌದೆಂದು ತಲೆಯಾಡಿಸಿದರು. ಬೀದಿ ವ್ಯಾಪಾರಿಗಳ ಕಾಯ್ದೆ, 2014. ಪಟ್ಟಣ ಮಾರಾಟ ಸಮಿತಿ ಅಂತ ಇರಬೇಕು, ಅದರಲ್ಲಿ ಕಡಿಮೆ ಅಂದರೂ ಶೇಕಡ 40ರಷ್ಟು ಬೀದಿ ವ್ಯಾಪಾರಿಗಳೇ ಕೂರಬೇಕು, ಆ ಪೈಕಿ ಮೂರನೇ ಒಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಆಗಬೇಕು. ಕೊರೊನಾ ಕಾಲದಲ್ಲಿ 10,000 ರೂಪಾಯಿ ಸಾಲ ಬಂತು, ತೀರಿಸಿದ ಮೇಲೆ 20,000 ಕೊಟ್ಟರು ಅಂತ ಮಂಜಕ್ಕ ಸೇರಿಸಿದರು.

ಬೆಂಚು ತೆಪ್ಪಗಾಯಿತು. ಗೋಡೆ, ಶಟರ್, ಬೀಗ ಎಲ್ಲ ಇರುವ ನಮ್ಮ ಹತ್ತಿರ ಇರುವುದು 60 ದಿನ ಮತ್ತು ಓದದ ಗೆಜೆಟ್. ಬುಟ್ಟಿ ಇಟ್ಟುಕೊಂಡು ಕೂತ ಮಂಜಕ್ಕನ ಹತ್ತಿರ ಕಾರ್ಡಿದೆ, ಸಮಿತಿಯಿದೆ.

ಸರಿ, ಬರೆಯೋಣ ಅಂತಾಯಿತು. ಎಲ್ಲರೂ ರಸ್ತೆ ದಾಟಿ ನನ್ನ ಅಂಗಡಿಗೆ ನುಗ್ಗಿದರು. ಕಂಪ್ಯೂಟರ್ ಆನ್ ಮಾಡಿದೆ. 'ಮಾನ್ಯರೇ' ತನಕ ಒಮ್ಮತ ಇತ್ತು. ವಿಷಯ ಅನ್ನುವಲ್ಲಿಗೆ ಜಗಳ ಶುರುವಾಯಿತು. ಶೇಖರಣ್ಣನಿಗೆ ಮೂರು ಪಟ್ಟು ಬೇಕು, ಕಾರು ಬೇಡ. ಮೇಷ್ಟ್ರಿಗೆ ಮೂರು ಪಟ್ಟು ಬೇಡ, ಅವರ ಮನೆ ಕಿಟಕಿಗೆ ಬಿಸಿಲು ಬೇಕು. ಹಮೀದಣ್ಣನಿಗೆ ಏನೂ ಆಗುವುದು ಬೇಡ. ಲಾಯರ್ರಿಗೆ ಕಾಮಾ ಜಾಸ್ತಿ ಬೇಕು. ಕರಡೇ ಪ್ರಕಟವಾಗಿಲ್ಲವಲ್ಲ, ಯಾವ ತಾರೀಕು ಹಾಕಲಿ ಅಂದರೆ, ಖಾಲಿ ಬಿಡು, ಬಂದ ದಿನ ತುಂಬಿಸೋಣ ಅಂದರು. ಕೊನೆಗೆ ಒಂದು ಪುಟದ ಪತ್ರ ಆಯಿತು. ಅದರಲ್ಲಿ ಎರಡನೇ ಪ್ಯಾರಾ ಮೊದಲನೆಯದಕ್ಕೆ ಆಕ್ಷೇಪಣೆ ಸಲ್ಲಿಸುತ್ತಿತ್ತು. ಪ್ರಿಂಟ್ ಕೊಟ್ಟೆ.

"ಮೊದಲನೇ ಸಹಿ ಯಾರ್ದು?"

ಶೇಖರಣ್ಣನಿಗೆ ಅಂಗಡಿ ಮುಂದಿನ ಶೀಟು ಎರಡಡಿ ಚರಂಡಿ ದಾಟಿರುವುದು ನೆನಪಾಯಿತು. ಮೇಷ್ಟ್ರಿಗೆ ಪ್ಲಾನಿನಲ್ಲಿ ಇಲ್ಲದ ಮಹಡಿ ಮೇಲಿನ ರೂಮು. ಹಮೀದಣ್ಣನಿಗೆ ಟ್ರೇಡ್ ಲೈಸೆನ್ಸ್ ರಿನ್ಯೂವಲ್ಲು. ನನ್ನ ಬೋರ್ಡು ಹೇಗಿದೆ ಅಂತ ನಾನು ಹೇಳುವುದಿಲ್ಲ. ಲಾಯರ್ರು, ನಾನು ಕಾನೂನು ಸಲಹೆಗಾರ ಮಾತ್ರ ಮಾರಾಯ್ರೆ ಅಂದರು.

"ಕೊಡಿ ಇಲ್ಲಿ" ಅಂತ ಮಂಜಕ್ಕ ಪತ್ರ ಕಿತ್ತುಕೊಂಡು ಗಾಜಿನ ಮೇಲಿಟ್ಟು ಸಹಿ ಹಾಕಿದರು, ಕೆಳಗೆ ಕಾರ್ಡ್ ನಂಬರೂ ಬರೆದರು. ಒಂದು ಸಹಿ ಬಿದ್ದದ್ದೇ ತಡ, ಎರಡನೆಯದಕ್ಕೆ ನೂಕುನುಗ್ಗಲು. ನನ್ನ ಪೆನ್ನು ಯಾರ ಜೇಬಿಗೆ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ಆರು ಕಾಪಿ ತೆಗೆದೆ. ದುಡ್ಡು ಯಾರು ಕೊಡ್ತೀರಿ ಅಂದೆ. ಸಾರ್ವಜನಿಕ ಕೆಲಸ, ದುಡ್ಡು ಕೇಳ್ತಿಯಲ್ಲೋ ಅಂತ ಮೇಷ್ಟ್ರು ಬೈದರು. ಮಂಜಕ್ಕ ತನ್ನ ಕಾಪಿಯ ಮೂರು ರೂಪಾಯಿ ಎಣಿಸಿ ಕೊಟ್ಟು ಬುಟ್ಟಿ ಹತ್ತಿರ ಹೋದರು. ಮಿಕ್ಕವರು ಬೆಂಚಿಗೆ ವಾಪಸು ಹೋಗಿ, ಜೆರಾಕ್ಸ್ ರೇಟು ಜಾಸ್ತಿಯಾಗಿರುವುದರ ಬಗ್ಗೆ ಚರ್ಚೆ ಶುರು ಮಾಡಿದರು.